ಊರೂರು ಸುತ್ತುವವರಿಗೆ ವರ್ಷದ ಕೊನೆಗೆ ಏನು ಕೊಡಲಿ?

ಗಿರಿನಗರದವಳು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಮಕ್ಕಳಿಗೂ ರಜೆ, ದೊಡ್ಡವರಿಗೂ ರಜೆ, ಹಾಗಾಗಿ ಉಡುಗೊರೆ ಕೊಡುವುದೂ ಆಗಲೇ. ಇಬ್ಬರಿಗೆ ಏನು ಕೊಡಬೇಕು ಅಂತ ಮಾತ್ರ ಪ್ರತಿ ವರ್ಷ ತಲೆ ಕೆಡುತ್ತದೆ. ಒಬ್ಬ ನನ್ನ ತಮ್ಮ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಸೀದಾ ಆಫೀಸಿಗೆ ಹೋಗುತ್ತಾನೆ. ಕುದುರೆಮುಖ, ಕುಮಾರ ಪರ್ವತ ಎಲ್ಲ ಹತ್ತಿ ಬಂದಿದ್ದಾನೆ. ಇನ್ನೊಬ್ಬರು ಚಿಕ್ಕಮ್ಮ, 62 ವರ್ಷ. ರಿಟೈರ್ ಆದ ಮೇಲೆ ಗೆಳತಿಯರ ಜೊತೆ ರೈಲಿನಲ್ಲಿ ಯಾತ್ರೆ ಮಾಡುತ್ತಾರೆ. ಈ ಜನವರಿಯಲ್ಲಿ ಕಾಶಿಗೆ ಹೊರಟಿದ್ದಾರೆ.

ಹೋದ ವರ್ಷ ಇಬ್ಬರಿಗೂ ಕುತ್ತಿಗೆ ದಿಂಬು, ಕಣ್ಣುಪಟ್ಟಿ ಇರುವ ಸೆಟ್ ಕೊಟ್ಟೆ. ಇಬ್ಬರ ಮನೆಯಲ್ಲೂ ಅದು ಅಟ್ಟ ಸೇರಿದೆ. ಅವರು ಏನೂ ಅನ್ನಲಿಲ್ಲ, ಆದರೆ ನೋಡಿ ನನಗೆ ಬೇಜಾರಾಯಿತು. ಒಬ್ಬೊಬ್ಬರಿಗೆ 2000 ರೂಪಾಯಿ ಒಳಗೆ ಏನು ಕೊಡಬಹುದು? ತುಂಬಾ ಸುತ್ತುವವರು ಹೇಳಿ, ನಿಮಗೆ ಯಾರೋ ಕೊಟ್ಟದ್ದರಲ್ಲಿ ಯಾವುದು ಇವತ್ತಿಗೂ ನಿಮ್ಮ ಬ್ಯಾಗಿನಲ್ಲಿದೆ?

ಘಾಟಿ ದಾರಿ:

ಅಕ್ಕ, ನನ್ನ ಬ್ಯಾಗಿನಲ್ಲಿ ಇರುವುದು ಒಂದು ಹೆಡ್‌ಲ್ಯಾಂಪ್, ಐದು ವರ್ಷದ ಹಿಂದೆ ಗೆಳೆಯ ಕೊಟ್ಟದ್ದು. ಅದಕ್ಕೂ ಮೊದಲು ಒಮ್ಮೆ ಕುಮಾರ ಪರ್ವತ ಇಳಿಯುವಾಗ ಕತ್ತಲಾಗಿತ್ತು. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಅದಕ್ಕೇ ಹೋಯಿತು, ಕಲ್ಲು ಬೇರು ಹಿಡಿದುಕೊಂಡು ಇಳಿಯೋಣ ಅಂದರೆ ಇನ್ನೊಂದೇ ಕೈ, ಅರ್ಧ ದಾರಿಗೆ ಚಾರ್ಜ್ ಕೂಡ ಮುಗಿಯಿತು. ಅವತ್ತು ಜೊತೆಗಿದ್ದವನೇ ಮುಂದಿನ ಹುಟ್ಟುಹಬ್ಬಕ್ಕೆ ಅದನ್ನು ತಂದುಕೊಟ್ಟ. ನೆನಪಿಟ್ಟುಕೊಂಡು ತಂದನಲ್ಲ, ಅದು ನನಗೆ ದೊಡ್ಡದು.

ಶೂ, ಬ್ಯಾಗ್ ಮಾತ್ರ ನೀವು ಆರಿಸಬೇಡಿ. ಅವು ಅವರವರ ಪಾದಕ್ಕೆ, ಬೆನ್ನಿಗೆ ಹೊಂದಬೇಕು. ಒಳ್ಳೆಯ ಉಣ್ಣೆ ಸಾಕ್ಸ್ ಎರಡು ಜೊತೆ ಕೊಡಬಹುದು. ಮಳೆಗಾಲದಲ್ಲೂ ಮಲೆನಾಡಿಗೆ ಹೋಗುವವನಾದರೆ ಜಿಗಣೆ ಸಾಕ್ಸ್ ಕೊಡಿ, ಮೊಣಕಾಲವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆ ಅದು, ಇಂಬಳ ಅದನ್ನು ದಾಟಿ ಕಚ್ಚಲಾರದು. ಪವರ್ ಬ್ಯಾಂಕ್ ಕೊಡುವುದಾದರೆ 20000 ಎಂಎಎಚ್ ಸಾಕು. ಅದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ವಿಮಾನದಲ್ಲಿ 100ರವರೆಗೆ ಬಿಡುತ್ತಾರೆ. ಅದೂ ಕೈಚೀಲದಲ್ಲಿ ಮಾತ್ರ, ಚೆಕ್-ಇನ್ ಲಗೇಜಿನಲ್ಲಿ ಹಾಕುವ ಹಾಗಿಲ್ಲ.

ಎಲ್ಲಕ್ಕಿಂತ ಮೊದಲು ನಿಮ್ಮ ತಮ್ಮ ಸುತ್ತಾಡಿ ಬಂದ ದಿನ ಬ್ಯಾಗ್ ಖಾಲಿ ಮಾಡುವಾಗ ಪಕ್ಕದಲ್ಲಿ ಕೂತು ನೋಡಿ. ಹರಿದದ್ದು, ದಾರ ಸುತ್ತಿ ಸರಿಮಾಡಿಕೊಂಡದ್ದು ಏನಾದರೂ ಇದ್ದೇ ಇರುತ್ತದೆ.

ಕಿಟಕಿ ಸೀಟು:

ನಾನು ನಿಮ್ಮ ಚಿಕ್ಕಮ್ಮನ ವಯಸ್ಸಿನವಳು, ಅದಕ್ಕೇ ಅವರ ಬಗ್ಗೆ ಹೇಳುತ್ತೇನಮ್ಮ. ಜನವರಿಯಲ್ಲಿ ಕಾಶಿಯಲ್ಲಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ನಾವು ಬೆಂಗಳೂರಿನವರು ಇಲ್ಲಿಯ ಸ್ವೆಟರ್ ಸಾಕು ಅಂದುಕೊಂಡು ಹೊರಡುತ್ತೇವೆ. ಬೆಳಗಿನ ಜಾವ ಗಂಗೆಯ ಮೇಲೆ ದೋಣಿಯಲ್ಲಿ ಕೂತಾಗ ಗೊತ್ತಾಗುತ್ತದೆ. ಒಳಗೆ ಹಾಕುವ ಥರ್ಮಲ್ ಒಂದು ಜೊತೆ, ಮಡಚಿದರೆ ಚಿಕ್ಕದಾಗುವ ಉಣ್ಣೆ ಶಾಲು ಒಂದು ಕೊಡಿ. ಸ್ಲೀಪರ್ ಬೋಗಿಯಾದರೆ ಹೊದಿಕೆ ನಾವೇ ಒಯ್ಯಬೇಕು, ಅಲ್ಲಿಗೂ ಶಾಲು ಆಗುತ್ತದೆ. ಸೀಟಿನ ಕೆಳಗೆ ಪೆಟ್ಟಿಗೆ ಕಟ್ಟಲು ಚೈನು, ಬೀಗವನ್ನೂ ಸೇರಿಸಿ.

ಊರುಗೋಲು ಕೊಡಬೇಡಿ. ಘಾಟ್ ಮೆಟ್ಟಿಲಿಗೆ ಬೇಕಾಗುತ್ತದೆ ಅಂತ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ, ಆದರೆ ಕೇಳದೆ ಕೊಟ್ಟರೆ ನನಗಂತೂ ನೋವಾಗಿತ್ತು.

ಇನ್ನೊಂದು, ತಿಂಡಿ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು, ಎರಡನೆಯ ದಿನಕ್ಕೆ ನಮ್ಮ ಊಟ ನೆನಪಾಗುತ್ತದೆ. ನನ್ನ ಸೊಸೆ ಗೊಜ್ಜವಲಕ್ಕಿ ಪುಡಿ ಮಾಡಿ, ಒಂದು ಹೊತ್ತಿಗೆ ಒಂದು ಅನ್ನುವ ಹಾಗೆ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ಎಷ್ಟು ಬಿಸಿನೀರು ಹಾಕಬೇಕು ಅಂತ ಬರೆದು ಕೊಟ್ಟಿದ್ದಳು. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಬೋಗಿಯಲ್ಲಿ ನಾಲ್ಕು ಜನ ಹಂಚಿಕೊಂಡು ತಿಂದೆವು.

ಟೋಲ್‌ಗೇಟ್:

ನಿಮ್ಮ ಇಬ್ಬರಿಗೆ ಇದು ಹೊಂದುವುದಿಲ್ಲ. ಸ್ವಂತ ಕಾರಿನಲ್ಲಿ ಸುತ್ತುವವರು ಮನೆಯಲ್ಲಿದ್ದರೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಿ. 2025ರ ಆಗಸ್ಟ್ 15ರಂದು ಶುರುವಾದಾಗ ಬೆಲೆ 3000 ರೂಪಾಯಿ. ಒಂದು ವರ್ಷ ಅಥವಾ 200 ಟೋಲ್ ದಾಟುವವರೆಗೆ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಮೈಸೂರು ರಸ್ತೆಗೆ ನಡೆಯುತ್ತದೆ, ನೈಸ್ ರಸ್ತೆಗೆ ಇಲ್ಲ.

ಅಂಚೆ ಡಬ್ಬಿ:

ನಾನು ಹೇಳುವುದಕ್ಕೆ ಹತ್ತೇ ರೂಪಾಯಿ ಸಾಕು. ವಿಧಾನಸೌಧದ ಹತ್ತಿರದ ಜಿಪಿಒಗೆ ಹೋಗಿ ಐವತ್ತು ಪೈಸೆಯ ಪೋಸ್ಟ್ ಕಾರ್ಡ್ 20 ತನ್ನಿ. ಎಲ್ಲದರ ಮೇಲೂ ನಿಮ್ಮ ವಿಳಾಸ ನೀವೇ ಬರೆದು, ಒಂದು ಪೆನ್ನಿನ ಜೊತೆ ಕೊಡಿ. ವಿಳಾಸ ಬರೆದಿದ್ದರೆ ಎರಡು ಸಾಲು ಗೀಚಿ ಡಬ್ಬಿಗೆ ಹಾಕುವುದು ಕಷ್ಟವಲ್ಲ. ನನ್ನ ಅಣ್ಣನಿಗೆ ಹೀಗೆ ಕೊಟ್ಟಿದ್ದೆ. ಅವನು ಲೇಹ್‌ನಿಂದ ಹಾಕಿದ ಕಾರ್ಡು ಅವನು ವಾಪಸ್ ಬಂದ ಮೇಲೆ ಬಂತು, "ಇಲ್ಲಿ ತುಂಬಾ ಚಳಿ, ಅಮ್ಮನ ಸಾರು ಬೇಕು" ಅಂತ ಇತ್ತು. ಅಮ್ಮ ಅದನ್ನು ದೇವರ ಮನೆಯಲ್ಲಿ ಇಟ್ಟಿದ್ದಾರೆ. ಫೋನಿನಲ್ಲಿ ಅವನು ದಿನಾ ಮಾತಾಡುತ್ತಿದ್ದ, ಅದೆಲ್ಲ ಈಗ ಯಾರಿಗೂ ನೆನಪಿಲ್ಲ.

ಮೂರನೇ ಮಹಡಿ:

ಚಿಕ್ಕಮ್ಮ ಒಬ್ಬರೇ ಇರುವವರಾ? ಹಾಗಾದರೆ ಅವರು ಬರುವವರೆಗೆ ಗಿಡಕ್ಕೆ ನೀರು ಹಾಕುತ್ತೇನೆ, ಹಾಲು ಪೇಪರು ನಿಲ್ಲಿಸುತ್ತೇನೆ, ಬರುವ ದಿನ ಫ್ರಿಜ್‌ನಲ್ಲಿ ಹಾಲು ಮೊಸರು ಇಟ್ಟಿರುತ್ತೇನೆ ಅಂತ ಒಂದು ಚೀಟಿ ಬರೆದು ಕೊಡಿ. ನನಗೆ ಪಕ್ಕದ ಮನೆಯವರು ಇದನ್ನೇ ಮಾಡುತ್ತಾರೆ. ಮನೆ ಚಿಂತೆ ಇಲ್ಲದೆ ಹೊರಡುತ್ತೇನೆ.

ಗಿರಿನಗರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ತಮ್ಮನ ಬ್ಯಾಗ್ ನೋಡಿದೆ. ಟಾರ್ಚಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದಾನೆ, ಇದ್ದ ಮೂರು ಜೊತೆ ಸಾಕ್ಸೂ ಹಿಮ್ಮಡಿಯಲ್ಲಿ ತೂತು. ಹೆಡ್‌ಲ್ಯಾಂಪ್, ಸಾಕ್ಸ್ ಖಾತ್ರಿ ಆಯಿತು. ಚಿಕ್ಕಮ್ಮ ಒಬ್ಬರೇ ಇರುವುದು, ಬಾಲ್ಕನಿ ತುಂಬಾ ಗಿಡ. ಅವರ ಬೀಗದ ಕೈ ನಾನು ಇಸ್ಕೊಳ್ಳುತ್ತೇನೆ. ಶಾಲು, ಥರ್ಮಲ್, ಗೊಜ್ಜವಲಕ್ಕಿ, ಹತ್ತು ಕಾರ್ಡು. ಕಿಟಕಿ ಸೀಟು ಅಮ್ಮ, ಪುಡಿಗೆ ಯಾವ ಅವಲಕ್ಕಿ ತರಲಿ?

ಕಿಟಕಿ ಸೀಟು:

ಗಟ್ಟಿ ಅವಲಕ್ಕಿ ಕಣಮ್ಮ. ಮಿಕ್ಸಿಯಲ್ಲಿ ತರಿತರಿಯಾಗಿ ಒಂದೇ ಸುತ್ತು, ನುಣ್ಣಗಾದರೆ ಮುದ್ದೆಯಾಗುತ್ತದೆ. ಹಸಿ ಹುಣಸೆ ಬೇಡ, ಬಿಸಿ ಬಾಣಲೆಯಲ್ಲಿ ಗರಿಯಾಗುವವರೆಗೆ ಹುರಿದು ಪುಡಿ ಮಾಡಿ ಹಾಕು. ಕಾಯಿತುರಿಯ ಬದಲು ಒಣಕೊಬ್ಬರಿ. ಒಗ್ಗರಣೆ ಪೂರ್ತಿ ಆರಿದ ಮೇಲೆ ಪೊಟ್ಟಣ ಕಟ್ಟು.