ಪದಚರ್ಚೆ: ಗೋಧಿಯ ಭಂಡಾರ ರೋಗ, ‘ನಿರೋಧಕ’ ಅಂದ್ರೆ ರೋಗ ಬರೋದೇ ಇಲ್ಲ ಅಂತಾನಾ?

ಎಲ್ಲರಿಗೂ ನಮಸ್ಕಾರ,

ಒಂದು ಪದದ ಜೊತೆ ತುಂಬಾ ದಿನದಿಂದ ಒದ್ದಾಡ್ತಾ ಇದೀನಿ, ನಿಮ್ಮ ಸಹಾಯ ಬೇಕು. ನೀರಾವರಿ ಜಮೀನಿಗೆ ಹೊಂದೋ ಗೋಧಿ ತಳಿಗಳ ಬಗ್ಗೆ ರೈತರಿಗೆ ಕರಪತ್ರ ಬರೆಯೋ ಕೆಲಸ ನನ್ನದು. ಪುಸ್ತಕದಲ್ಲಿ ಅದು ಬ್ರೆಡ್ ಗೋಧಿ, ಆದ್ರೆ ನಮ್ಮ ಮನೆಗಳಲ್ಲಿ ಅದರಲ್ಲಿ ಚಪಾತಿ ತಾನೇ ಮಾಡೋದು, ಅದಕ್ಕೆ ನಾನು ಚಪಾತಿ ಗೋಧಿ ಅಂತಲೇ ಬರೀತೀನಿ. ಆ ಕರಪತ್ರದಲ್ಲಿ ‘ತುಕ್ಕು ರೋಗ ನಿರೋಧಕ ತಳಿ’ ಅನ್ನೋ ಸಾಲು ಇದ್ದೇ ಇರುತ್ತೆ. ತುಕ್ಕು ಅಂದ್ರೆ ಶಿಲೀಂಧ್ರದಿಂದ ಬರೋ ರೋಗ, ಅದಕ್ಕೇ ಭಂಡಾರ ರೋಗ ಅಂತಾನೂ ಅನ್ನೋದು.

ಹೋದ ಹಿಂಗಾರಿನಲ್ಲಿ ಧಾರವಾಡದ ಹತ್ರ ಒಂದು ಹೊಲಕ್ಕೆ ಹೋಗಿದ್ದೆ. ಯಜಮಾನರು ಒಂದು ಎಲೆ ಕಿತ್ತು ಹೆಬ್ಬೆರಳಿಂದ ಉಜ್ಜಿ ತೋರಿಸಿದ್ರು, ಬೆರಳಿಗೆಲ್ಲ ಇಟ್ಟಿಗೆ ಬಣ್ಣದ ಪುಡಿ. "ನಿರೋಧಕ ಅಂತ ನೀವ ಬರದೀರಿ, ಮತ್ತ ಈ ಭಂಡಾರ ಎಲ್ಲಿಂದ ಬಂತ್ರೀ?" ಎಲ್ಲಿಂದ ಅನ್ನೋದಕ್ಕೆ ಉತ್ತರ ಇತ್ತು. ಬೇಸಿಗೆ ಪೂರ್ತಿ ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಉಳಿದುಕೊಳ್ಳೋ ಶಿಲೀಂಧ್ರ ಗಾಳಿ ಹಿಡಿದು ಬಯಲಿಗೆ ಬರುತ್ತೆ, ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ಅವರು ಸ್ವಾತಂತ್ರ್ಯಕ್ಕೆ ಮುಂಚೇನೇ ತೋರಿಸಿಕೊಟ್ಟಿದ್ದು. ಆದ್ರೆ ‘ನಿರೋಧಕ’ ಅಂತ ಬರೆದ ಮೇಲೂ ಯಾಕೆ ಬಂತು ಅಂದ್ರೆ ಏನು ಹೇಳೋದು? ಗುಳ್ಳೆಗಳು ಸಣ್ಣವು, ಅಲ್ಲೊಂದು ಇಲ್ಲೊಂದು, ಎಲ್ಲಾ ಕೆಳಗಿನ ಎಲೆಗಳಲ್ಲೇ ನಿಂತಿದ್ವು, ತೆನೆಗೆ ಹತ್ತಿದ ಕೊನೇ ಎಲೆ ಹಚ್ಚಗಿತ್ತು, ಅಂದ್ರೆ ಕಾಳು ಜೊಳ್ಳಾಗೋ ಭಯ ಇರಲಿಲ್ಲ, ತಳಿ ತನ್ನ ಕೆಲಸ ಸರಿಯಾಗೇ ಮಾಡಿತ್ತು, ತಪ್ಪಿದ್ದು ನಮ್ಮ ಪದ.

ವಿಷಯ ಏನಪ್ಪಾ ಅಂದ್ರೆ, ತಳಿ ಮಾಡೋರಿಗೆ ಇಲ್ಲಿ ಎರಡು ಬೇರೆ ಬೇರೆ ಗುಣ ಇವೆ. ಒಂದು, ಶಿಲೀಂಧ್ರ ಹೊಕ್ಕ ಜಾಗದ ಜೀವಕೋಶಗಳನ್ನ ಗಿಡವೇ ಸಾಯಿಸಿ ಅದನ್ನ ಅಲ್ಲೇ ನಿಲ್ಲಿಸಿಬಿಡೋದು. ಸಾಮಾನ್ಯವಾಗಿ ಒಂದೇ ಜೀನಿನ ಕೆಲಸ, ನೋಡೋಕೆ ಹೊಲ ಸ್ವಚ್ಛ, ಆದ್ರೆ ಅದೇ ಶಿಲೀಂಧ್ರದ ಒಳತಳಿ (ರೇಸ್) ಬದಲಾದ್ರೆ ಒಂದೇ ಹಂಗಾಮಿಗೆ ಕೈಕೊಡಬಹುದು. ರೈ ಧಾನ್ಯದಿಂದ ಬಂದ ಎಸ್‌ಆರ್ 31 ಜೀನು ದಶಕಗಟ್ಟಲೆ ಕಾಂಡದ ತುಕ್ಕನ್ನ ತಡೆದಿತ್ತು, 1998-99ರಲ್ಲಿ ಉಗಾಂಡಾದಲ್ಲಿ ಯುಜಿ 99 ಅನ್ನೋ ಹೊಸ ಒಳತಳಿ ಕಾಣಿಸಿಕೊಂಡು ಅದನ್ನೇ ದಾಟಿತು. ಇನ್ನೊಂದು, ಎಲ್‌ಆರ್ 34, ಎಸ್‌ಆರ್ 2 ತರದ ಜೀನುಗಳದ್ದು, ರೋಗ ಬರುತ್ತೆ, ಬೆಳೆಯೋದು ಮಾತ್ರ ನಿಧಾನ, ಹೆಚ್ಚು ವರ್ಷ ಬಾಳಿಕೆ ಬರೋದು ಇದೇ. (ಎಸ್‌ಆರ್ 2 ಚಪಾತಿ ಗೋಧಿಗೆ ಬಂದಿದ್ದು ನಮ್ಮ ಜವೆ ಗೋಧಿಯ (ಎಮ್ಮರ್) ಬಳಗದಿಂದ, ಅಮೆರಿಕದ ತಳಿ ವಿಜ್ಞಾನಿ ಮೆಕ್‌ಫ್ಯಾಡೆನ್ ಮಾಡಿದ ಸಂಕರಣದಲ್ಲಿ. ಜವೆಗೆ ಮರಾಠಿಯಲ್ಲಿರೋ ಖಪ್ಲಿ ಅನ್ನೋ ಹೆಸರು ಮಿನೆಸೋಟಾದ ಸ್ಟಾಕ್‌ಮನ್ ಅವರು ತುಕ್ಕಿನ ಒಳತಳಿ ಗುರುತಿಸೋಕೆ ಬಳಸಿದ 12 ಪರೀಕ್ಷಾ ತಳಿಗಳ ಪಟ್ಟಿಯಲ್ಲೂ ಸೇರಿಕೊಂಡಿದೆ, ನೆನೆಸಿಕೊಂಡ್ರೆ ಖುಷಿಯಾಗುತ್ತೆ.)

ಕನ್ನಡದಲ್ಲಿ ಎರಡಕ್ಕೂ ‘ನಿರೋಧಕ’ ಅಂದುಬಿಡ್ತೀವಿ. ‘ಸಹಿಷ್ಣು’ ಆಗಲ್ಲ, ಅದು ರೋಗ ಮೈತುಂಬಾ ಬಂದ್ರೂ ಇಳುವರಿ ಬಿಟ್ಟುಕೊಡದ ತಳಿಗೆ. ‘ತಾಳಿಕೆ’ ಅಂದ್ರೂ ಅದೇ ಅರ್ಥಕ್ಕೆ ಹೋಗುತ್ತೆ. ಆವತ್ತು ನಾನು ಇಷ್ಟೆಲ್ಲಾ ವಿವರಿಸಿದ ಮೇಲೆ ಯಜಮಾನರು ಹೇಳಿದ್ದು, "ಹಂಗಾರ ಬಂದೈತಿ, ಏರಿಲ್ಲ ಅನ್ರಿ." ವಿಷ ಏರೋದು, ಜ್ವರ ಏರೋದು ಅಂತೀವಲ್ಲ, ಹಂಗೆ. ತುಕ್ಕು ನಿಜವಾಗ್ಲೂ ಕೆಳಗಿನ ಎಲೆಯಿಂದ ಮೇಲಕ್ಕೆ ಏರ್ತಾ ಹೋಗುತ್ತೆ, ಇದಕ್ಕಿಂತ ಒಳ್ಳೇ ಮಾತು ನನಗಂತೂ ಹೊಳೆದಿಲ್ಲ. ಮೊದಲನೇದಕ್ಕೆ ‘ರೋಗ ತಡೆಯೋ ತಳಿ’, ಎರಡನೇದಕ್ಕೆ ‘ರೋಗ ಏರದ ತಳಿ’ ಅಂತ ಬರೆದ್ರೆ ಹೇಗೆ? ಮಂಡ್ಯ, ತುಮಕೂರು ಕಡೆ ಬೆಳೆ ರೋಗಕ್ಕೆ ‘ಏರು’ ಅನ್ನೋ ಬಳಕೆ ಇದೆಯಾ, ಅಲ್ಲಿಯವರಿಗೆ ಅರ್ಥ ಆಗುತ್ತಾ?

ಇನ್ನೊಂದು ಪ್ರಶ್ನೆ. ಕಾಡಿಗೆ ರೋಗ, ಬೂದಿ ರೋಗ, ಬೆಂಕಿ ರೋಗ, ಕೇದಿಗೆ ರೋಗ, ಎಲ್ಲಾ ಕಣ್ಣಿಗೆ ಕಂಡಂಗೆ ಇಟ್ಟ ಹೆಸರು. ಭಂಡಾರ ಅಂದ್ರೆ ಮೈಲಾರಲಿಂಗನ, ಯಲ್ಲಮ್ಮನ ಅರಿಶಿನ ಪುಡಿ. ಆದ್ರೆ ನಮ್ಮಲ್ಲಿ ಗೋಧಿಗೆ ಕಾಡೋದು ಕಂದು ಮತ್ತು ಕಪ್ಪು ತುಕ್ಕು, ಹಳದಿ ತುಕ್ಕಿನ ಕಾಟ ಪಂಜಾಬ್, ಹಿಮಾಚಲದಂಥ ಚಳಿ ಸೀಮೆಗೆ. ಹಂಗಿದ್ರೆ ಅರಿಶಿನದ ಹೆಸರು ಇಲ್ಲಿ ಹೆಂಗೆ ನಿಂತಿತು, ಬೇರೆ ಬೆಳೆಯ ರೋಗದಿಂದ ಬಂತಾ? ಕಾಂಡದ ಕಪ್ಪು ತುಕ್ಕಿಗೆ ವಿಜಯಪುರ, ಬೆಳಗಾವಿ ಕಡೆ ಬೇರೆ ಹೆಸರು ಕೇಳಿದೋರು ಇದ್ರೆ ದಯವಿಟ್ಟು ಊರಿನ ಹೆಸರಿನ ಸಮೇತ ಬರೀರಿ, ಮುಂದಿನ ಕರಪತ್ರ ಬಿತ್ತನೆಗೆ ಮುಂಚೆ ಅಚ್ಚಿಗೆ ಹೋಗಬೇಕು.