ಫಿಲ್ಟರ್ ಬಿಚ್ಚುವ ಕಪ್ ಜಾರುತ್ತಿದೆ, ಆಯಿಲ್ ಫಿಲ್ಟರ್ ಅಲುಗುತ್ತಿಲ್ಲ. ಬಾಳಿಕೆ ಬರುವ ಟೂಲ್ ಯಾವುದು?

ಪ್ರಶ್ನೆ

ನಮಸ್ಕಾರ. ಕಾರಿನ ಎಂಜಿನ್ ಆಯಿಲನ್ನು ನಾನೇ ಬದಲಾಯಿಸುತ್ತೇನೆ. ಫಿಲ್ಟರ್ ಎಂಜಿನ್ನಿನ ಹಿಂಬದಿಯಲ್ಲಿದೆ, ಕಾರಿನ ಕೆಳಗೆ ಮಲಗಿ ಕೈ ಮೇಲೆತ್ತಿದರೆ ಮಾತ್ರ ಸಿಗುತ್ತದೆ. ಮೊದಲು ಹಿಡಿಕೆ ಇರುವ ಲೋಹದ ಪಟ್ಟಿಯ ವ್ರೆಂಚ್ ಇತ್ತು. ಮೂರನೇ ಸಲ ಬಳಸುವಾಗ ಪಟ್ಟಿಯ ರಿವೆಟ್ ಕಿತ್ತುಬಂತು. ಆಮೇಲೆ ರ‍್ಯಾಚೆಟ್‌ಗೆ (ಸಾಕೆಟ್ ತಿರುಗಿಸುವ ಹಿಡಿಕೆಗೆ) ಸಿಕ್ಕಿಸುವ ತಗಡಿನ ಕಪ್ ತಂದೆ. ಈಗ ಅದರ ಅಂಚು ಅಗಲವಾಗಿ ಫಿಲ್ಟರ್ ಮೇಲೆ ಸುಮ್ಮನೆ ಸುತ್ತುತ್ತಿದೆ. ಫಿಲ್ಟರ್ ಇದ್ದಲ್ಲೇ ಇದೆ. ಆಯಿಲ್ ಇನ್ನೂ ಇಳಿಸಿಲ್ಲ. ಈ ಸಲ ತಂದರೆ ವರ್ಷಗಟ್ಟಲೆ ಬಾಳಬೇಕು. ಯಾವುದು ತರಲಿ?

ಉತ್ತರ 1

ಆಯಿಲ್ ಇಳಿಸದೇ ಇದ್ದದ್ದು ಒಳ್ಳೆಯದಾಯಿತು. ಫಿಲ್ಟರ್ ಸಡಿಲವಾಗುತ್ತದೆಯೇ ಎಂದು ನೋಡಿಕೊಂಡೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ಗೆ ಕೈ ಹಾಕಬೇಕು.

ಟೂಲ್ ಹೆಸರು ಹೇಳುವ ಮೊದಲು ಮೂರು ವಿಷಯ ತಿಳಿಸಿ. ಫಿಲ್ಟರಿನ ಮುಚ್ಚಿದ ತುದಿಯ ಸುತ್ತ ಎಷ್ಟು ಪಟ್ಟೆಗಳು (ಚಪ್ಪಟೆ ಮುಖಗಳು) ಇವೆ? ಒಂದು ಪಟ್ಟೆಯಿಂದ ಎದುರಿನ ಪಟ್ಟೆಗೆ ಎಷ್ಟು ಮಿಲಿಮೀಟರ್? ನಿಮ್ಮ ಕಪ್ ಮೇಲೆ ಯಾವ ಅಂಕಿ ಕೊರೆದಿದೆ? ಹಾಗೆಯೇ, ಯಾವ ಕಡೆ ತಿರುಗಿಸುತ್ತಿದ್ದೀರಿ ಎಂದೂ ಒಮ್ಮೆ ನೋಡಿಕೊಳ್ಳಿ. ಮುಚ್ಚಿದ ತುದಿಯನ್ನು ಎದುರಿಗಿಟ್ಟುಕೊಂಡು ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಬಾನೆಟ್ ಕಡೆಯಿಂದ ಬಗ್ಗಿ ನೋಡಿದರೆ ಅದೇ ದಿಕ್ಕು ತಲೆಕೆಳಗಾಗುತ್ತದೆ. ಎಷ್ಟೋ ಜನ ಇದರಿಂದಲೇ ಇನ್ನಷ್ಟು ಬಿಗಿ ಮಾಡಿಬಿಡುತ್ತಾರೆ.

ಪ್ರಶ್ನೆ ಕೇಳಿದವರು

ದಿಕ್ಕು ಸರಿಯಾಗಿದೆ. ಇದೇ ಮಾದರಿಯ ಹೊಸ ಫಿಲ್ಟರ್ ಕೈಯಲ್ಲಿತ್ತು, ಅದನ್ನೇ ಅಳೆದೆ. 14 ಪಟ್ಟೆ, ವರ್ನಿಯರ್‌ನಲ್ಲಿ 65 ಮಿ.ಮೀ. ಕಪ್ ಮೇಲೆ 68 ಎಂದಿದೆ, ಅದಕ್ಕೂ 14 ಪಟ್ಟೆ. ಎಣಿಕೆ ಕೂಡಿಬಂತಲ್ಲ ಎಂದು ತಂದಿದ್ದೆ.

ಉತ್ತರ 1

ಹಾಗಾದರೆ ಕಾರಣ ಸಿಕ್ಕಿತು. 65ರ ಫಿಲ್ಟರಿಗೆ 68ರ ಕಪ್ ಹಾಕಿದರೆ ಬಲವೆಲ್ಲ ಪಟ್ಟೆಗಳ ಮೂಲೆಗಳ ಮೇಲೆ ಬೀಳುತ್ತದೆ. ತಗಡು ತೆಳುವಾದ್ದರಿಂದ ಹೊರಕ್ಕೆ ಬಾಗುತ್ತದೆ, ಒಮ್ಮೆ ಬಾಗಿದ್ದು ಮತ್ತೆ ಹಿಡಿಯುವುದಿಲ್ಲ. ಅಳತೆ ತಪ್ಪಿದರೆ ಎಷ್ಟೇ ಗಟ್ಟಿ ಕಪ್ ಆದರೂ ಇದೇ ಗತಿ. ಪಟ್ಟೆಗಳ ಎಣಿಕೆಯೂ ವ್ಯಾಸವೂ ಎರಡೂ ಕೂಡಿಬರಬೇಕು. ಹೊಸ ಫಿಲ್ಟರಿಗೆ ಕೈಯಿಂದ ಒತ್ತಿದಾಗ ಕಪ್ ಬಿಗಿಯಾಗಿ ಕೂರಬೇಕು, ಅಲ್ಲಾಡಿಸಿದರೆ ಗಡಗಡ ಅನ್ನಬಾರದು.

ನಿಮಗೆ ನನ್ನ ಸಲಹೆ ದಪ್ಪ ಗೋಡೆಯ, 65ರ ಕಪ್. ಎರಕದ ಅಲ್ಯೂಮಿನಿಯಂ ಕಪ್ಪುಗಳ ಗೋಡೆ ಸುಲಭಕ್ಕೆ ಬಾಗುವುದಿಲ್ಲ, ಪಟ್ಟೆಗಳೂ ಆಳವಾಗಿರುತ್ತವೆ. ಆದರೆ ಅವುಗಳಲ್ಲಿ ಬೇರೆಡೆ ನೋಡಬೇಕು: ರ‍್ಯಾಚೆಟ್ ಕೂರುವ ಚೌಕ ತೂತು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಬಳಸುತ್ತಾ ಹೋದಂತೆ ಆ ಚೌಕದ ಮೂಲೆಗಳು ಸವೆದು ದುಂಡಗಾಗುತ್ತವೆ. ಆ ಜಾಗಕ್ಕೆ ಉಕ್ಕಿನ ತುಂಡು ಕೂರಿಸಿದ್ದರೆ, ಇಲ್ಲವೇ ಹೊರಗಡೆ ಸ್ಪ್ಯಾನರ್ ಹಾಕಲು ಷಟ್ಕೋನದ ಉಬ್ಬು ಇದ್ದರೆ ಅದನ್ನೇ ಆರಿಸಿ. ದಪ್ಪ ಕಪ್ಪಿಗೆ ಸುತ್ತ ಜಾಗವೂ ಬೇಕು, ಫಿಲ್ಟರಿನ ಪಕ್ಕದಲ್ಲಿ ಬೆರಳು ಆಡುತ್ತದೆಯೇ ಎಂದು ಮೊದಲು ನೋಡಿ.

ಪಟ್ಟಿಯ ವ್ರೆಂಚ್ ಕೆಟ್ಟದ್ದಲ್ಲ. ಹಿಡಿಕೆಗೂ ಪಟ್ಟಿಗೂ ನಡುವಿನ ಕೀಲೇ ಅದರ ದುರ್ಬಲ ಜಾಗ, ನಿಮ್ಮದು ಹೋದದ್ದೂ ಅಲ್ಲೇ. ಪಟ್ಟಿಯನ್ನು ಫಿಲ್ಟರ್ ಡಬ್ಬಿಯ ನಡುಭಾಗಕ್ಕೆ ಹಾಕಬೇಡಿ, ಎಂಜಿನ್ ಕಡೆಯ ಬುಡಕ್ಕೆ ಹಾಕಿ. ಬುಡದಲ್ಲಿ ದಪ್ಪ ತಟ್ಟೆ ಇರುವುದರಿಂದ ಡಬ್ಬಿ ನಜ್ಜುವುದಿಲ್ಲ. ನಡುವೆ ಹಾಕಿದರೆ ಡಬ್ಬಿ ಹಿಸುಕಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ, ಆಮೇಲೆ ನಾವು ಕೊಡುವ ಜಾಸ್ತಿ ಬಲಕ್ಕೆ ರಿವೆಟ್ ಹಾರುತ್ತದೆ.

ಉತ್ತರ 2

ಮೇಲಿನವರ ಮಾತು ಮುಂದಿನ ಸಲಕ್ಕೆ ಸರಿ. ಆದರೆ ಈಗ ಗಟ್ಟಿಯಾಗಿ ಕೂತಿರುವ ಫಿಲ್ಟರಿನ ಪಟ್ಟೆಗಳೇ ಸವೆದಿರಬಹುದು, ಸರಿಯಾದ ಕಪ್ ತಂದರೂ ಅದಕ್ಕೆ ಹಿಡಿತ ಸಿಗದಿರಬಹುದು. ಇದಕ್ಕೆ ಮೂರು ಕಾಲಿನ ವ್ರೆಂಚ್ ಬೇಕು. ತಿರುಗಿಸಿದಷ್ಟೂ ಅದರ ಕಾಲುಗಳು ಒಳಕ್ಕೆ ಬಂದು ಡಬ್ಬಿಯನ್ನು ಕಚ್ಚಿ ಹಿಡಿಯುತ್ತವೆ. ಕಾಲುಗಳು ದಪ್ಪವಾಗಿರಲಿ, ಕೈಯಲ್ಲಿ ಅಲ್ಲಾಡಿಸಿದಾಗ ಒಂದೊಂದೂ ಒಂದೊಂದು ಕಡೆ ಓಲಾಡಬಾರದು. ಒಳಗಿನ ಸಣ್ಣ ಗೇರಿನ ಹಲ್ಲು ಮುರಿದರೆ ಟೂಲ್ ಮುಗಿದಂತೆ, ಹಾಗಾಗಿ ಅದಕ್ಕೆ ಉದ್ದನೆಯ ಪೈಪ್ ಸಿಕ್ಕಿಸಿ ಎಳೆಯಬೇಡಿ. ಹೊಸ ಫಿಲ್ಟರ್ ಬಿಗಿಮಾಡಲು ಇದನ್ನು ಬಳಸಲೇಬಾರದು, ಡಬ್ಬಿ ತಗ್ಗಾಗುತ್ತದೆ.

ಇದನ್ನು ಹಾಕುವ ಮುನ್ನ ಡಬ್ಬಿಯ ಜಿಡ್ಡು ಪೂರ್ತಿ ಒರೆಸಿ. ಎಂಜಿನ್ ಸ್ವಲ್ಪ ಬೆಚ್ಚಗಿರಲಿ, ಕೈ ಸುಡುವಷ್ಟು ಬೇಡ. ಪಟ್ಟಿಯ ವ್ರೆಂಚ್ ಇರುವವರು ಪಟ್ಟಿಗೂ ಡಬ್ಬಿಗೂ ನಡುವೆ ಉಪ್ಪುಕಾಗದ ಇಡಬಹುದು, ಒರಟು ಮುಖ ಡಬ್ಬಿಯ ಕಡೆಗಿರಬೇಕು.

ದಯವಿಟ್ಟು ಸ್ಕ್ರೂಡ್ರೈವರ್ ಚುಚ್ಚಲು ಹೋಗಬೇಡಿ. ತಗಡು ಉದ್ದಕ್ಕೆ ಸೀಳಿದರೆ ಹಿಡಿಯಲು ಏನೂ ಉಳಿಯುವುದಿಲ್ಲ, ಕಾರು ಓಡಿಸಿಕೊಂಡು ಗ್ಯಾರೇಜಿಗೂ ಹೋಗಲಾಗದು. ಆಮೇಲೆ ಉಳಿ ಸುತ್ತಿಗೆ ಹಿಡಿದು ಬುಡದ ತಟ್ಟೆಯ ಅಂಚಿಗೆ ಹೊಡೆದು ತಿರುಗಿಸುವ ಕೆಲಸ. ಉಳಿ ಜಾರಿದರೆ ಎಂಜಿನ್ನಿನಲ್ಲಿ ರಬ್ಬರ್ ಕೂರುವ ಮುಖಕ್ಕೇ ಗೀರು ಬೀಳುತ್ತದೆ.

ಉತ್ತರ 1

ಒಪ್ಪುತ್ತೇನೆ, ಈಗಿನ ಕೆಲಸಕ್ಕೆ ಮೂರು ಕಾಲಿನದೇ ಸರಿ. ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ: ನಿಮ್ಮ ಕಾರಿನಲ್ಲಿ ಲೋಹದ ಡಬ್ಬಿಯ ಬದಲು ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಫಿಲ್ಟರ್ ಇದ್ದರೆ ಕಾಲಿನದೂ ಬೇಡ, ಪಟ್ಟಿಯದೂ ಬೇಡ. ಮುಚ್ಚಳ ಒಡೆಯುತ್ತದೆ. ಅದಕ್ಕೆ ಹೊಂದುವ ಸಾಕೆಟ್ ಅಥವಾ ಕಪ್ ಮಾತ್ರ ಬಳಸಿ.

ಪ್ರಶ್ನೆ ಕೇಳಿದವರು

ಬಿಚ್ಚಿತು! ಮೂರು ಕಾಲಿನ ವ್ರೆಂಚ್, ಚಿಕ್ಕ ಎಕ್ಸ್‌ಟೆನ್ಷನ್, ಒಂದೇ ಸಮನೆ ಎಳೆತ. ಮೊದಲು ಟಕ್ ಎಂದು ಸದ್ದಾಯಿತು, ಆಮೇಲೆ ಕೈಯಲ್ಲೇ ತಿರುಗಿತು. ಹೊರತೆಗೆದು ನೋಡಿದರೆ ಫಿಲ್ಟರಿನ ರಬ್ಬರ್ ರಿಂಗ್ ಇಲ್ಲ. ಅದು ಎಂಜಿನ್ನಿಗೇ ಮೆತ್ತಿಕೊಂಡಿತ್ತು. ಹೋದ ಸಲ ರಿಂಗಿಗೆ ಆಯಿಲ್ ಸವರಿರಲಿಲ್ಲ, ಕಪ್ಪಿನಿಂದಲೇ ಬಲವಾಗಿ ಬಿಗಿ ಮಾಡಿದ್ದೆ. ಅಷ್ಟು ಗಟ್ಟಿಯಾಗಿ ಕೂತದ್ದು ಅದರಿಂದಲೇ ಇರಬೇಕು. 65ರ ದಪ್ಪ ಕಪ್ಪನ್ನೂ ತಂದಿದ್ದೇನೆ, ಹೊಸ ಫಿಲ್ಟರಿಗೆ ಬಿಗಿಯಾಗಿ ಕೂರುತ್ತದೆ. ಹೊಸದನ್ನು ಎಷ್ಟು ಬಿಗಿ ಮಾಡಲಿ?

ಉತ್ತರ 2

ಆ ಹಳೆ ರಿಂಗನ್ನು ತೆಗೆದಿದ್ದೀರಿ ತಾನೆ? ಅದರ ಮೇಲೆ ಹೊಸ ರಿಂಗ್ ಕೂತರೆ ಎಂಜಿನ್ ಶುರುವಾದ ಕೂಡಲೇ ಆಯಿಲ್ ಚಿಮ್ಮಬಹುದು. ಆ ಮುಖವನ್ನು ಒರೆಸಿ, ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ರಿಂಗ್ ಎಂಜಿನ್ನಿಗೆ ತಾಗಿದ ಮೇಲೆ ಎಷ್ಟು ಸುತ್ತು ಎಂಬುದನ್ನು ಫಿಲ್ಟರ್ ಡಬ್ಬಿಯ ಮೇಲೇ ಅಚ್ಚು ಹಾಕಿರುತ್ತಾರೆ, ಬಹಳಷ್ಟರಲ್ಲಿ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಕೈ ಜಾರಿ ಆಗದಿದ್ದರೆ ಮಾತ್ರ ಕಪ್ ಹಾಕಿ, ಅದೂ ಮೆಲ್ಲಗೆ.

ಪ್ರಶ್ನೆ ಕೇಳಿದವರು

ರಿಂಗ್ ತೆಗೆದು ಹೊಸ ಫಿಲ್ಟರಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಡಬ್ಬಿಯ ಮೇಲೂ ಮುಕ್ಕಾಲು ಸುತ್ತು ಎಂದೇ ಇದೆ. ಕೈಯಿಂದಲೇ ಆಯಿತು. ಎಂಜಿನ್ ಎರಡು ನಿಮಿಷ ಓಡಿಸಿ ಟಾರ್ಚ್ ಹಿಡಿದು ನೋಡಿದೆ, ಒಂದು ಹನಿಯೂ ಇಲ್ಲ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ, ಕಡಿಮೆಯಿದ್ದ ಆಯಿಲ್ ತುಂಬಿಸಿದೆ. ಇಬ್ಬರಿಗೂ ತುಂಬಾ ಧನ್ಯವಾದ.