ಬೇಸ್‌ಮೆಂಟ್ ಅಗೆಯುವಾಗ ಮೊದಲ ಖರ್ಚು ಯಾವುದಕ್ಕೆ?

ಪ್ರಶ್ನೆ: ನಮಸ್ಕಾರ ಸರ್. ಬನಶಂಕರಿಯ ನಮ್ಮ ಮೂವತ್ತು-ನಲವತ್ತರ ನಿವೇಶನದಲ್ಲಿ ವಾಹನ ನಿಲುಗಡೆಗೆಂದು 12 ಅಡಿ ಆಳದ ಬೇಸ್‌ಮೆಂಟ್ ತೋಡಿಸುತ್ತಿದ್ದೇನೆ. ಎರಡೂ ಪಕ್ಕದಲ್ಲಿ ಹಳೆಯ ಮನೆಗಳಿವೆ. ಹೆಲ್ಮೆಟ್ ಧರಿಸದವರನ್ನು ಗುರುತಿಸಿ ಮೊಬೈಲಿಗೆ ತಿಳಿಸುವ ಕ್ಯಾಮೆರಾ ಹಾಕಿಸಿರೆಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಮಣ್ಣು ಗಟ್ಟಿಯಿದೆ, ಏನೂ ಬೇಡವೆಂದು ಮೇಸ್ತ್ರಿ ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಮ್ಮೂರಿನ ಕೆಂಪು ಮಣ್ಣು ಒಣಗಿರುವಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಮೇಸ್ತ್ರಿಯವರ ಧೈರ್ಯಕ್ಕೆ ಅದೇ ಕಾರಣ. ಆದರೆ ಒಂದು ಮಳೆಯ ನೀರು ಇಳಿದರೆ ಮಣ್ಣಿನ ಭಾರ ಹೆಚ್ಚಿ, ಹಿಡಿತ ಸಡಿಲಗೊಂಡು, ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯಬಹುದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತವನಿಗೆ ಉಸಿರೆಳೆಯಲಾಗುವುದಿಲ್ಲ, ತಲೆಯ ಮೇಲಿನ ಹೆಲ್ಮೆಟ್ ಅಲ್ಲಿ ಉಪಯೋಗಕ್ಕೆ ಬಾರದು.

ಅಗೆತದ ಸುರಕ್ಷತೆಯ ಭಾರತೀಯ ಮಾನಕ ಐಎಸ್ 3764ರ ಪ್ರಕಾರ 1.5 ಮೀಟರಿಗಿಂತ ಆಳದ ಕಂದಕಕ್ಕೆ ಆಸರೆ ಕೊಡಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ದೂರವಿಡಬೇಕು. ನಿಮ್ಮ ಆಳಕ್ಕೆ ಅದು ಆರು ಅಡಿ. ಅಷ್ಟು ಜಾಗ ನಿಮ್ಮಲ್ಲಿ ಇರಲಾರದು, ಆದ್ದರಿಂದ ಮಣ್ಣನ್ನು ಆಯಾ ದಿನವೇ ಟಿಪ್ಪರಿನಲ್ಲಿ ಸಾಗಿಸಿ, ಟಿಪ್ಪರನ್ನೂ ಅಂಚಿಗೆ ತರಬೇಡಿ. ಪಕ್ಕದ ಮನೆಗಳ ಪಾಯ ಎಷ್ಟು ಆಳವಿದೆಯೆಂದು ನೋಡಿಸಿ, ಆಸರೆಯ ನಕ್ಷೆ ಮಾಡಿಸಿದ ಮೇಲೆಯೇ ತುಂಡು ತುಂಡಾಗಿ ಅಗೆಸಬೇಕು.

ತಂತ್ರಜ್ಞಾನಕ್ಕೆ ಹಣ ಹಾಕುವುದಾದರೆ ಮಣ್ಣಿನ ಚಲನೆ ಅಳೆಯುವುದಕ್ಕೆ ಹಾಕಿ. ಪಕ್ಕದ ಗೋಡೆಗಳಲ್ಲಿ ಗುರುತುಗಳನ್ನಿಟ್ಟು, ದೂರ ಮತ್ತು ಕೋನ ಅಳೆಯುವ ಸರ್ವೆ ಉಪಕರಣವಾದ ಟೋಟಲ್ ಸ್ಟೇಷನ್ನಿನಿಂದ ಅಳೆಸಿ, ಹಳೆಯ ಬಿರುಕುಗಳಿಗೆ ಅಳತೆಪಟ್ಟಿ ಅಂಟಿಸಿ, ದಿನವೂ ಫೋಟೋ ತೆಗೆದಿಡಿ. ಮುಂದೆ ನೆರೆಯವರು ತಕರಾರು ತೆಗೆದರೂ ಅವು ಬೇಕಾಗುತ್ತವೆ. ಅಳತೆ ಬದಲಾದ ಕೂಡಲೇ ಕೆಲಸ ನಿಲ್ಲಿಸುವ ಅಧಿಕಾರ ಯಾರದ್ದೆಂದು ಮೊದಲೇ ಬರೆದಿಡಿ. ಮಾಲೀಕರ ಫೋನಿಗೆ ಕಾಯುವಂತಾದರೆ ಯಂತ್ರವಿದ್ದೂ ಪ್ರಯೋಜನವಿಲ್ಲ.

ಮರುಪ್ರಶ್ನೆ: ಸರ್, ಈಗಾಗಲೇ ಎಂಟು ಅಡಿ ಅಗೆದಾಗಿದೆ, ಮಣ್ಣಿನ ರಾಶಿಯೂ ಅಂಚಿನಲ್ಲೇ ಇದೆ. ನಿನ್ನೆಯ ಮಳೆನೀರನ್ನು ಮೋಟಾರಿನಿಂದ ಹೊರಹಾಕುತ್ತಿದ್ದೇವೆ.

ಉತ್ತರ: ಹಾಗಿದ್ದರೆ ಇಂದು ಯಾರನ್ನೂ ಕೆಳಗಿಳಿಸಬೇಡಿ. ರಾಶಿಯನ್ನು ಹೊರಗಿನಿಂದಲೇ ತೆಗೆಸಿ, ಎಂಜಿನಿಯರ್ ಸ್ಥಳಕ್ಕೆ ಬಂದು ಅಂಚನ್ನು ನೋಡುವವರೆಗೆ ಅಗೆತ ನಿಲ್ಲಿಸಿ. ಮೋಟಾರಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ನೋಡಿ, ಇಲ್ಲದಿದ್ದರೆ ಕ್ಯಾಮೆರಾಕ್ಕಿಂತ ಮೊದಲು ಅದನ್ನು ತನ್ನಿ.